ಐವಿ ಇಂಜೆಕ್ಷನ್: ತಳ್ಳುವ ವೇಗ, ಕರಗಿಸುವ ನೀರು, ಕೊಡಗಿನ ಚಳಿ

ಸೋಮವಾರಪೇಟೆ ನೈಟ್ ಡ್ಯೂಟಿ

ಎಲ್ಲರಿಗೂ ನಮಸ್ಕಾರ. ಜಿಎನ್ಎಂ, ಬಿಎಸ್ಸಿ ನರ್ಸಿಂಗ್ ಮುಗಿಸಿ ವಾರ್ಡಿಗೆ ಬರುವ ಹೊಸಬರಿಗೆ ಉಪಯೋಗ ಆಗಲಿ ಅಂತ ಐವಿ, ಅಂದರೆ ನರಕ್ಕೆ ಕೊಡುವ ಇಂಜೆಕ್ಷನ್ ಬಗ್ಗೆ ಈ ಚರ್ಚೆ ಶುರು ಮಾಡ್ತಿದ್ದೇನೆ. ಕೇಸ್ ಶೀಟಲ್ಲಿ "ಇಂಜೆಕ್ಷನ್ ಸೆಫ್ಟ್ರಿಯಾಕ್ಸೋನ್ 1 ಗ್ರಾಂ ಐವಿ, ದಿನಕ್ಕೆ ಎರಡು ಸಲ" ಅಂತ ಇರುತ್ತೆ. ಎಷ್ಟು ನೀರಲ್ಲಿ ಕರಗಿಸಬೇಕು, ಎಷ್ಟು ನಿಮಿಷ ತಳ್ಳಬೇಕು, ಅದೇ ಲೈನಲ್ಲಿ ಆರ್‌ಎಲ್ (ರಿಂಗರ್ ಲ್ಯಾಕ್ಟೇಟ್ ಡ್ರಿಪ್) ಓಡ್ತಾ ಇದ್ದರೆ ಏನು ಮಾಡಬೇಕು ಅನ್ನೋದು ಅಲ್ಲಿ ಇರಲ್ಲ. ಅದನ್ನು ತಿಳಿದಿರಬೇಕಾದವರು ಸಿರಿಂಜ್ ಹಿಡಿದವರೇ.

ಮುಖ್ಯವಾಗಿ ಮೂರು ವಿಷಯ ಬೇಕು. ಯಾವ ಔಷಧ ಎಷ್ಟು ನಿಧಾನ? ಯಾವುದನ್ನು ಯಾವುದರ ಜೊತೆ ಸೇರಿಸಬಾರದು? ಜೂನ್‌ನಿಂದ ಸೆಪ್ಟೆಂಬರ್ ತನಕ ಇಲ್ಲಿನ ಚಳಿಯಲ್ಲಿ ನರ ಸಿಗದಿದ್ದಾಗ, ಪ್ಲಾಸ್ಟರ್ ನಿಲ್ಲದಿದ್ದಾಗ ಏನು ಮಾಡಬೇಕು? ದಯವಿಟ್ಟು ಅಂಕಿ ಸಮೇತ ಬರೆಯಿರಿ.

ಮಡಿಕೇರಿ ಐಸಿಯು

ವೇಗದಿಂದಲೇ ಶುರು ಮಾಡೋಣ. ಹೊಸಬರ ಕೈಯಲ್ಲಿ ಹೆಚ್ಚು ತಪ್ಪಾಗೋದು ಅಲ್ಲೇ.

ಬಾಯಿಗೆ ಕೊಟ್ಟ ಮಾತ್ರೆ ತಪ್ಪಾದರೆ ಸ್ವಲ್ಪ ಸಮಯ ಇರುತ್ತೆ. ನರಕ್ಕೆ ಹೋದದ್ದು ಅರ್ಧ ನಿಮಿಷದೊಳಗೆ ಹೃದಯ, ಮಿದುಳು ಮುಟ್ಟುತ್ತೆ. ಅದೇ ಡೋಸನ್ನು 10 ಸೆಕೆಂಡಲ್ಲಿ ತಳ್ಳಿದರೆ ರಕ್ತದಲ್ಲಿ ಔಷಧದ ಮಟ್ಟ ಒಮ್ಮೆಲೇ ಏರುತ್ತೆ, 4 ನಿಮಿಷದಲ್ಲಿ ಕೊಟ್ಟರೆ ರಕ್ತದಲ್ಲಿ ಹರಡಿಕೊಂಡು ಹೋಗುತ್ತೆ. ಡೋಸ್ ಸರಿಯಿದ್ದೂ ರೋಗಿ ಕುಸಿಯೋದು ಹೀಗೆ.

"ನಿಧಾನವಾಗಿ" ಅನ್ನೋ ಮಾತನ್ನು ನಂಬಬೇಡಿ. ಗೋಡೆ ಗಡಿಯಾರದ ಸೆಕೆಂಡ್ ಮುಳ್ಳು ಕಣ್ಣಿಗೆ ಕಾಣುವ ಹಾಗೆ ನಿಂತುಕೊಳ್ಳಿ. 10 ಮಿ.ಲೀ. ಔಷಧವನ್ನು 4 ನಿಮಿಷದಲ್ಲಿ ಕೊಡಬೇಕು ಅಂದರೆ ನಿಮಿಷಕ್ಕೆ 2.5 ಮಿ.ಲೀ., ಅಂದರೆ ಪ್ರತಿ 12 ಸೆಕೆಂಡಿಗೆ ಅರ್ಧ ಮಿ.ಲೀ. ಸಿರಿಂಜಿನ ಗೆರೆ ನೋಡಿ, ಮುಳ್ಳು ನೋಡಿ, ತಳ್ಳಿ. ಮನಸ್ಸಿನಲ್ಲೇ ಎಣಿಸಿದರೆ 4 ನಿಮಿಷ ಒಂದೂವರೆ ನಿಮಿಷಕ್ಕೆ ಇಳಿದುಬಿಡುತ್ತೆ.

ವಾರ್ಡಲ್ಲಿ ದಿನಾ ಬರುವ ಕೆಲವು:

ಸೆಫ್ಟ್ರಿಯಾಕ್ಸೋನ್ 1 ಗ್ರಾಂ: 10 ಮಿ.ಲೀ. ಸ್ಟೆರೈಲ್ ವಾಟರ್, 2ರಿಂದ 4 ನಿಮಿಷ. 2 ಗ್ರಾಂ ಇದ್ದರೆ 100 ಮಿ.ಲೀ. ಎನ್‌ಎಸ್‌ನಲ್ಲಿ (ನಾರ್ಮಲ್ ಸಲೈನ್, ಉಪ್ಪುನೀರಿನ ದ್ರಾವಣ) ಅರ್ಧ ಗಂಟೆ ಹಾಕೋದು ಒಳ್ಳೇದು.

ಪ್ಯಾಂಟೊಪ್ರಜೋಲ್ 40 ಮಿ.ಗ್ರಾಂ: 10 ಮಿ.ಲೀ. ಎನ್‌ಎಸ್, ಕನಿಷ್ಠ 2 ನಿಮಿಷ.

ಆಂಡಾನ್‌ಸೆಟ್ರಾನ್ 4 ಮಿ.ಗ್ರಾಂ: 2ರಿಂದ 5 ನಿಮಿಷ.

ಫ್ಯೂರೊಸೆಮೈಡ್ 20–40 ಮಿ.ಗ್ರಾಂ: 1–2 ನಿಮಿಷ. ದೊಡ್ಡ ಡೋಸ್ ಆದರೆ ಇನ್ಫ್ಯೂಷನ್ (ಡ್ರಿಪ್ ಮೂಲಕ ನಿಧಾನ) ಮಾಡಿ, ನಿಮಿಷಕ್ಕೆ 4 ಮಿ.ಗ್ರಾಂ ಮೀರಬಾರದು. ಬೇಗ ಹೋದರೆ ಕಿವಿ ಗುಂಯ್‌ಗುಡುತ್ತೆ, ಕಿವುಡೂ ಆಗಬಹುದು. ಕಿಡ್ನಿ ಕೆಟ್ಟವರಲ್ಲಿ ಅಪಾಯ ಇನ್ನೂ ಹೆಚ್ಚು.

ಫೆನಿಟಾಯಿನ್: ದೊಡ್ಡವರಿಗೆ ನಿಮಿಷಕ್ಕೆ 50 ಮಿ.ಗ್ರಾಂ ಮೀರಬಾರದು, ವಯಸ್ಸಾದವರಿಗೆ, ಹೃದ್ರೋಗಿಗಳಿಗೆ ಅದಕ್ಕೂ ಕಡಿಮೆ. 1000 ಮಿ.ಗ್ರಾಂ ಲೋಡಿಂಗ್ (ಮೊದಲ ದೊಡ್ಡ) ಡೋಸಿಗೆ 20 ನಿಮಿಷಕ್ಕಿಂತ ಕಡಿಮೆ ಅನ್ನೋ ಮಾತೇ ಇಲ್ಲ. ಮಾನಿಟರ್ ಹಾಕಿ, ಬಿಪಿ ನೋಡುತ್ತಾ ಇರಿ. ಬಿಪಿ ಇಳಿದರೆ, ನಾಡಿ ನಿಧಾನ ಆದರೆ ನಿಲ್ಲಿಸಿ ಡಾಕ್ಟರಿಗೆ ಹೇಳಿ.

ವ್ಯಾಂಕೊಮೈಸಿನ್ 1 ಗ್ರಾಂ: ಪುಶ್ (ಸಿರಿಂಜಿಂದ ನೇರ ತಳ್ಳೋದು) ಇಲ್ಲವೇ ಇಲ್ಲ. 200–250 ಮಿ.ಲೀ.ನಲ್ಲಿ, ಕನಿಷ್ಠ 1 ಗಂಟೆ, ನಿಮಿಷಕ್ಕೆ 10 ಮಿ.ಗ್ರಾಂ ಮೀರದೆ. ಓಡಿಸಿದರೆ ಮುಖ, ಕುತ್ತಿಗೆ, ಎದೆ ಕೆಂಪಾಗಿ ತುರಿಸುತ್ತೆ, ಬಿಪಿ ಇಳಿಯುತ್ತೆ. ಎಷ್ಟೋ ಸಲ ಇದು ನಿಜವಾದ ಅಲರ್ಜಿ ಆಗಿರಲ್ಲ, ವೇಗದ ತೊಂದರೆ. ಕೇಸ್ ಶೀಟಲ್ಲಿ "ವ್ಯಾಂಕೊ ಅಲರ್ಜಿ" ಅಂತ ಬರೆದುಬಿಟ್ಟರೆ ಮುಂದೆ ಆ ರೋಗಿಗೆ ಬೇಕಾದಾಗ ಈ ಔಷಧ ಸಿಗದೆ ಹೋಗಬಹುದು. ಎಷ್ಟು ನಿಮಿಷದಲ್ಲಿ ಕೊಟ್ಟಾಗ ಹೀಗಾಯ್ತು ಅಂತಲೂ ಬರೆಯಿರಿ.

ಎಲ್ಲರೂ ಮರೆಯೋದು ಇನ್ನೊಂದು ಇದೆ. ಸಿರಿಂಜ್ ಖಾಲಿ ಆದ ಕೂಡಲೇ ಔಷಧ ಪೂರ್ತಿ ಹೋಯ್ತು ಅಂತ ಅಲ್ಲ. ತ್ರೀ-ವೇ (ಮೂರು ದಾರಿಯ ನಲ್ಲಿ), ಎಕ್ಸ್‌ಟೆನ್ಷನ್ (ಜೋಡಿಸಿದ ಕೊಳವೆ) ಒಳಗೆ ಕೊನೆಯ ಭಾಗ ಇನ್ನೂ ಇರುತ್ತೆ. ಅಲ್ಲಿಗೆ ಎನ್‌ಎಸ್ ಫ್ಲಶ್ (ಲೈನ್ ತೊಳೆಯುವ ದ್ರವ) ಜೋರಾಗಿ ತಳ್ಳಿದರೆ ಅಷ್ಟು ಔಷಧ ಒಂದೇ ಏಟಿಗೆ ಒಳಗೆ ಹೋಗುತ್ತೆ. ಮೊದಲ ಒಂದೆರಡು ಮಿ.ಲೀ. ಫ್ಲಶ್ಶನ್ನೂ ಔಷಧದ ವೇಗದಲ್ಲೇ ಕೊಡಿ.

ವಿರಾಜಪೇಟೆ ಫಾರ್ಮಸಿ

ಐಸಿಯು ಅಕ್ಕ ಹೇಳಿದ್ದಕ್ಕೆ ಬೆರೆಸುವ ವಿಷಯ ಸೇರಿಸ್ತೇನೆ.

ಸೆಫ್ಟ್ರಿಯಾಕ್ಸೋನ್ ಕ್ಯಾಲ್ಸಿಯಂ ಜೊತೆ ಸೇರಿದರೆ ಕರಗದ ಕಣ ಆಗುತ್ತೆ. ಆರ್‌ಎಲ್‌ನಲ್ಲಿ ಕ್ಯಾಲ್ಸಿಯಂ ಇದೆ. ಆದ್ದರಿಂದ ಆರ್‌ಎಲ್‌ನಲ್ಲಿ ಕರಗಿಸೋದೂ ಇಲ್ಲ, ಆರ್‌ಎಲ್ ಓಡುತ್ತಿರುವ ಲೈನಿಗೆ ಹಾಕೋದೂ ಇಲ್ಲ. ದೊಡ್ಡವರಾದರೆ ಆರ್‌ಎಲ್ ನಿಲ್ಲಿಸಿ, ಎನ್‌ಎಸ್ ಫ್ಲಶ್ ಮಾಡಿ, ಔಷಧ ಕೊಟ್ಟು, ಮತ್ತೆ ಫ್ಲಶ್ ಮಾಡಿ ಆಮೇಲೆ ಆರ್‌ಎಲ್ ಬಿಡಬಹುದು. 28 ದಿನದೊಳಗಿನ ಶಿಶುವಿಗೆ ಕ್ಯಾಲ್ಸಿಯಂ ಇರುವ ಡ್ರಿಪ್ ಹೋಗುತ್ತಿದ್ದರೆ, ಅಥವಾ ಕೊಡಬೇಕಾಗಿ ಬರುವಂತಿದ್ದರೆ, ಬೇರೆ ಲೈನಾದರೂ ಸೆಫ್ಟ್ರಿಯಾಕ್ಸೋನ್ ಕೂಡದು. ಡಾಕ್ಟರಿಗೆ ಹೇಳಿ ಔಷಧ ಬದಲಿಸಿಕೊಳ್ಳಿ.

ಸೆಫ್ಟ್ರಿಯಾಕ್ಸೋನನ್ನು ಮಾಂಸಖಂಡಕ್ಕೆ ಕೊಡುವಾಗ ನೋವು ಕಡಿಮೆ ಮಾಡಲು ಲಿಗ್ನೊಕೇನ್‌ನಲ್ಲಿ ಕರಗಿಸ್ತಾರೆ. ಆ ದ್ರಾವಣ ನರಕ್ಕೆ ಹೋಗಬಾರದು. ಯಾವುದರಲ್ಲಿ ಕರಗಿಸುತ್ತಿದ್ದೀರಿ ಅಂತ ಲೇಬಲ್ ಓದಿಯೇ ಎಳೆಯಿರಿ.

ಫೆನಿಟಾಯಿನ್ ಎನ್‌ಎಸ್‌ಗೆ ಮಾತ್ರ. ಡೆಕ್ಸ್ಟ್ರೋಸ್‌ಗೆ (ಗ್ಲೂಕೋಸ್ ದ್ರಾವಣ) ಹಾಕಿದರೆ ಹರಳುಗಟ್ಟುತ್ತೆ. ಡಿಎನ್‌ಎಸ್ ಹೆಸರಲ್ಲಿ "ಎನ್‌ಎಸ್" ಇದ್ದರೂ ಅದರಲ್ಲಿ ಡೆಕ್ಸ್ಟ್ರೋಸ್ ಇದೆ. ಈ ಗೊಂದಲ ರಾತ್ರಿ ಪಾಳಿಯಲ್ಲಿ ಸುಲಭವಾಗಿ ಆಗುತ್ತೆ, ಅದಕ್ಕೇ ಒತ್ತಿ ಹೇಳ್ತಿದ್ದೇನೆ.

ಫ್ಯೂರೊಸೆಮೈಡ್ ಕ್ಷಾರೀಯ. ಆಂಡಾನ್‌ಸೆಟ್ರಾನ್, ಮಿಡಜೋಲಾಂ ಥರದ ಆಮ್ಲೀಯ ದ್ರಾವಣಕ್ಕೆ ತಾಗಿದರೆ ಬೆಳ್ಳಗಾಗುತ್ತೆ. ಪ್ಯಾಂಟೊಪ್ರಜೋಲ್ ಮತ್ತು ಮಿಡಜೋಲಾಂ ಕೂಡ ಹಾಗೇ. ಸೋಡಿಯಂ ಬೈಕಾರ್ಬೊನೇಟ್ ಲೈನಿಗೆ ಕ್ಯಾಲ್ಸಿಯಂ ಹಾಕಿದರೆ ಸುಣ್ಣದ ನೀರಿನ ಹಾಗೆ ಆಗುತ್ತೆ. ಜೆಂಟಮೈಸಿನ್, ಅಮಿಕಾಸಿನ್ ಮತ್ತು ಪೆನಿಸಿಲಿನ್ ಗುಂಪಿನವು ಒಂದೇ ಸಿರಿಂಜಲ್ಲಿ ಸೇರಿದರೆ ಕಣ್ಣಿಗೆ ಏನೂ ಕಾಣಲ್ಲ, ಆದರೆ ಅಮಿನೊಗ್ಲೈಕೊಸೈಡ್ (ಜೆಂಟಮೈಸಿನ್, ಅಮಿಕಾಸಿನ್ ಗುಂಪು) ಶಕ್ತಿ ಕಳೆದುಕೊಳ್ಳುತ್ತೆ. ತಿಳಿಯಾಗಿದೆ ಅಂದ ಮಾತ್ರಕ್ಕೆ ಸರಿಯಿದೆ ಅಂತಲ್ಲ.

ರಕ್ತ ಹೋಗುತ್ತಿರುವ ಲೈನಿಗೆ ಎನ್‌ಎಸ್ ಬಿಟ್ಟು ಇನ್ನೇನೂ ಬೇಡ. ಡೆಕ್ಸ್ಟ್ರೋಸ್ ಸೇರಿದರೆ ರಕ್ತಕಣ ಒಡೆಯುತ್ತೆ, ಆರ್‌ಎಲ್ ಸೇರಿದರೆ ಹೆಪ್ಪುಗಟ್ಟುತ್ತೆ. ಔಷಧ ಕೊಡಲು ಇನ್ನೊಂದು ಕ್ಯಾನುಲಾ (ನರದೊಳಗೆ ಇಡುವ ಪ್ಲಾಸ್ಟಿಕ್ ಕೊಳವೆ) ಹಾಕಿ.

ಪೊನ್ನಂಪೇಟೆ 22

ಅಲರ್ಜಿ ನೋಡುವ ಟೆಸ್ಟ್ ಡೋಸ್ ವಿಷಯ? ಚರ್ಮದೊಳಗೆ 0.1 ಮಿ.ಲೀ. ಹಾಕಿ ಗುಳ್ಳೆ ಬರದಿದ್ದರೆ ಪೂರ್ತಿ ಕೊಡಬಹುದು ಅಂತ ಎಲ್ಲ ಕಡೆ ಮಾಡ್ತಾರಲ್ಲ?

ಮಡಿಕೇರಿ ಐಸಿಯು

@ಪೊನ್ನಂಪೇಟೆ 22, ನಿಮ್ಮ ಆಸ್ಪತ್ರೆಯ ನಿಯಮದಲ್ಲಿ ಇದ್ದರೆ ಮಾಡಿ, ಆದರೆ ಅದನ್ನೇ ನಂಬಿ ಕೂರಬೇಡಿ. ಗುಳ್ಳೆ ಬರದವರಿಗೂ ಪೂರ್ತಿ ಡೋಸಿಗೆ ಅನಾಫಿಲ್ಯಾಕ್ಸಿಸ್ (ಜೀವಕ್ಕೇ ಅಪಾಯ ತರುವ ಅಲರ್ಜಿ) ಆಗಬಹುದು. ಅದಕ್ಕಿಂತ ಹೆಚ್ಚು ಉಪಯೋಗ ಸರಿಯಾಗಿ ಕೇಳಿದ ಪ್ರಶ್ನೆಯಿಂದ. "ಅಲರ್ಜಿ ಇದೆಯಾ" ಅಂದರೆ ತೋಟದ ಲೈನ್ ಮನೆಗಳಿಂದ ಬಂದವರು ಇಲ್ಲ ಅಂತಾರೆ, ಆ ಪದವೇ ಅವರಿಗೆ ಹೊಸದು. "ಯಾವುದಾದರೂ ಸೂಜಿ, ಮಾತ್ರೆ ತಗೊಂಡು ಮೈ ದದ್ದು ಬಂದಿತ್ತಾ, ಮುಖ ಊದಿತ್ತಾ, ಉಸಿರು ಕಟ್ಟಿತ್ತಾ" ಅಂತ ಬಿಡಿಸಿ ಕೇಳಿ. ಕೊಡವ ತಕ್ಕ್, ಅರೆಭಾಷೆ, ಮಲಯಾಳಂ, ಎರವ ಮಾತು, ಈಗ ಅಸ್ಸಾಮಿನಿಂದ ಬಂದ ಕೆಲಸದವರ ಮಾತು, ಇಷ್ಟೂ ಒಂದೇ ವಾರ್ಡಲ್ಲಿ ಇರುತ್ತೆ. ಜೊತೆಗೆ ಬಂದವರಲ್ಲಿ ಮಾತು ಬಲ್ಲವರನ್ನು ಕರೆದು ಕೇಳಿಸಿ. ಅದಕ್ಕೆ ಹೋಗುವ ಎರಡು ನಿಮಿಷ ದಂಡ ಅಲ್ಲ.

ಕೊಟ್ಟ ಮೊದಲ 5 ನಿಮಿಷ ರೋಗಿಯ ಪಕ್ಕ ಬಿಡಬೇಡಿ. ಅಡ್ರಿನಲಿನ್ ಟ್ರೇಯಲ್ಲೇ ಇರಲಿ, ಬೀಗ ಹಾಕಿದ ಕಪಾಟಿನಲ್ಲಿ ಅಲ್ಲ. ಅನಾಫಿಲ್ಯಾಕ್ಸಿಸ್‌ಗೆ 1:1000 ಅಡ್ರಿನಲಿನ್ 0.5 ಮಿ.ಲೀ. ತೊಡೆಯ ಹೊರಭಾಗದ ಮಾಂಸಖಂಡಕ್ಕೆ. ಮಕ್ಕಳಿಗೆ ಕೆ.ಜಿ.ಗೆ 0.01 ಮಿ.ಲೀ. ಕ್ಯಾನುಲಾ ಇದೆ ಅಂತ ಅದನ್ನು ನರಕ್ಕೆ ತಳ್ಳಬಾರದು, ಹೃದಯದ ಬಡಿತ ತಪ್ಪಿಹೋಗುತ್ತೆ. ಏವಿಲ್, ಹೈಡ್ರೊಕಾರ್ಟಿಸೋನ್ ಆಮೇಲೆ. ಮೊದಲು ಅಡ್ರಿನಲಿನ್.

ಭಾಗಮಂಡಲ ಪಿಎಚ್‌ಸಿ ಕಡೆಯಿಂದ

ಮಳೆಗಾಲದ್ದು ಬರೀತೇನೆ.

ಚಳಿಗೆ ನರ ಕುಗ್ಗಿ ಒಳಗೆ ಸೇರಿಕೊಳ್ಳುತ್ತೆ. ಒದ್ದೆ ಬಟ್ಟೆಯಲ್ಲಿ ಬಂದ ರೋಗಿಗೆ ಬಂದ ಕೂಡಲೇ ಸೂಜಿ ಚುಚ್ಚಿದರೆ ಸಿಗೋದು ಕಷ್ಟ. ಮೊದಲು ಒಣ ಕಂಬಳಿ ಹೊದಿಸಿ. ಬೆಚ್ಚಗಿನ ನೀರಲ್ಲಿ ಅದ್ದಿ ಹಿಂಡಿದ ಟವೆಲ್ ಮುಂಗೈಗೆ ಸುತ್ತಿ, ಮೇಲೆ ಪ್ಲಾಸ್ಟಿಕ್ ಹಾಳೆ ಹಾಕಿ 10 ನಿಮಿಷ ಬಿಡಿ. ಕೈ ಮಂಚದಿಂದ ಕೆಳಗೆ ಇಳಿಬಿಡಲಿ. ಆಮೇಲೆ ಟೂರ್ನಿಕೆ (ಕೈಗೆ ಬಿಗಿಯುವ ಪಟ್ಟಿ), ಚುಚ್ಚುವ ಜಾಗಕ್ಕಿಂತ ನಾಲ್ಕೈದು ಬೆರಳಿನಷ್ಟು ಮೇಲೆ, ಒಂದು ನಿಮಿಷಕ್ಕಿಂತ ಹೆಚ್ಚು ಬೇಡ. ಮಣಿಕಟ್ಟಿನ ನಾಡಿ ಸಿಗುತ್ತಿರಬೇಕು. ನಾಡಿ ನಿಂತರೆ ಬಿಗಿ ಜಾಸ್ತಿ ಆಯ್ತು ಅಂತ, ನರ ತುಂಬೋದೂ ಇಲ್ಲ. ಕೈ ಮೇಲೆ ಪಟಪಟ ಹೊಡೆಯೋದು ಬೇಡ, ನೋವಿಗೆ ನರ ಇನ್ನೂ ಕುಗ್ಗುತ್ತೆ.

ಕಾಫಿ ತೋಟದಲ್ಲಿ ಕೆಲಸ ಮಾಡುವವರ ಅಂಗೈ, ಮುಂಗೈ ಚರ್ಮ ಗಟ್ಟಿ. ಸೂಜಿ ಚರ್ಮ ದಾಟುವಾಗ ಬಲ ಬೇಕಾಗುತ್ತೆ, ದಾಟಿದ ಕೂಡಲೇ ಅದೇ ಬಲಕ್ಕೆ ನರದ ಹಿಂದಿನ ಗೋಡೆಯೂ ತೂತಾಗುತ್ತೆ. ಎಡಗೈಲಿ ಚರ್ಮ ಬಿಗಿಯಾಗಿ ಕೆಳಗೆ ಎಳೆದು, 15–30 ಡಿಗ್ರಿ ಓರೆಯಲ್ಲಿ ಚುಚ್ಚಿ, ರಕ್ತ ಕಂಡ ಕೂಡಲೇ ಓರೆ ತಗ್ಗಿಸಿ, ಒಂದೆರಡು ಮಿ.ಮೀ. ಮಾತ್ರ ಮುಂದೆ ಹೋಗಿ, ಆಮೇಲೆ ಕ್ಯಾನುಲಾ ಜಾರಿಸಿ. ಹಿಂದೆ ಎಳೆದ ಸೂಜಿಯನ್ನು ಮತ್ತೆ ಕ್ಯಾನುಲಾ ಒಳಗೆ ತೂರಿಸಬೇಡಿ. ಪ್ಲಾಸ್ಟಿಕ್ ತುಂಡಾಗಿ ರಕ್ತದಲ್ಲಿ ಹೊರಟುಹೋಗಬಹುದು. ಎರಡು ಸಲ ಪ್ರಯತ್ನ ಆದ ಮೇಲೆ ಬೇರೆಯವರನ್ನು ಕರೆಯಿರಿ.

ಕ್ಯಾನುಲಾ ಬಣ್ಣ ನೆನಪಿಗೆ (ಗೇಜ್ ಸಂಖ್ಯೆ ಹೆಚ್ಚಿದಷ್ಟು ಕೊಳವೆ ಸಣ್ಣ): 16 ಗೇಜ್ ಬೂದು, 18 ಹಸಿರು, 20 ಗುಲಾಬಿ, 22 ನೀಲಿ, 24 ಹಳದಿ. ಸಾಮಾನ್ಯ ಆ್ಯಂಟಿಬಯಾಟಿಕ್‌ಗೆ 22 ಅಥವಾ 20 ಸಾಕು. ನರಕ್ಕಿಂತ ದಪ್ಪ ಕ್ಯಾನುಲಾ ಹಾಕಿದರೆ ಸುತ್ತ ರಕ್ತ ಹರಿಯದೆ ಔಷಧ ಅಲ್ಲೇ ನಿಂತು ಉರಿಯುತ್ತೆ.

ತೇವಕ್ಕೆ ಪ್ಲಾಸ್ಟರ್ ಏಳುತ್ತೆ. ಚರ್ಮ ಪೂರ್ತಿ ಒಣಗದೆ ಅಂಟಿಸಿದ್ದು ಮುಖ್ಯ ಕಾರಣ. ಸ್ಪಿರಿಟ್ ಒರೆಸಿ 30 ಸೆಕೆಂಡ್ ತಾನಾಗಿ ಒಣಗಲು ಬಿಡಿ, ಊದಬೇಡಿ, ಬಟ್ಟೆಯಿಂದ ಒರೆಸಬೇಡಿ. ಚುಚ್ಚಿದ ಜಾಗದ ಮೇಲೆ ಪಾರದರ್ಶಕ ಡ್ರೆಸ್ಸಿಂಗ್ ಇರಲಿ. ಇಲ್ಲದಿದ್ದರೆ ಸ್ಟೆರೈಲ್ ಗಾಜ್ ಇಟ್ಟು ಅಂಚಿಗೆ ಪ್ಲಾಸ್ಟರ್. ಟ್ರೇ ಅಂಚಿಗೆ ಸಾಲಾಗಿ ಅಂಟಿಸಿಟ್ಟ ಪ್ಲಾಸ್ಟರ್ ತುಂಡುಗಳನ್ನು ನೇರ ಚುಚ್ಚಿದ ಜಾಗಕ್ಕೆ ಹಚ್ಚುವ ಅಭ್ಯಾಸ ಬಿಡಿ.

ಇನ್ನೊಂದು ಚಳಿಯದ್ದೇ: ಮ್ಯಾನಿಟಾಲ್ 20%. ಜುಲೈ ತಿಂಗಳಲ್ಲಿ ಸ್ಟೋರಿನಿಂದ ತೆಗೆದ ಬಾಟ್ಲಿಯನ್ನು ಬೆಳಕಿಗೆ ಹಿಡಿದು ನೋಡಿ, ತಳದಲ್ಲಿ ಸೂಜಿಯಂಥ ಹರಳು ಇರಬಹುದು. ಔಷಧ ಕೆಟ್ಟಿದ್ದಲ್ಲ, ಚಳಿಗೆ ಹರಳಾದದ್ದು. ಬಿಸಿನೀರಿನ ಪಾತ್ರೆಯಲ್ಲಿ ಇಟ್ಟು ಆಗಾಗ ಅಲುಗಿಸಿದರೆ ಕರಗುತ್ತೆ. ಪೂರ್ತಿ ಕರಗಿ, ಮೈ ಬಿಸಿಯ ಮಟ್ಟಕ್ಕೆ ತಣಿದ ಮೇಲೆ ಮಾತ್ರ ಹಾಕಿ. ಒಂದು ಹರಳು ಉಳಿದರೂ ಬೇಡ. ಫಿಲ್ಟರ್ ಇರುವ ಸೆಟ್ ಬಳಸಿ. ಡ್ರಿಪ್ ನಡುವೆ ನಿಂತರೆ ಸೆಟ್ ಒಳಗೂ ಹರಳು ಕಟ್ಟಿರಬಹುದು, ನೋಡಿ.

ಸೋಮವಾರಪೇಟೆ ನೈಟ್ ಡ್ಯೂಟಿ

ಟವೆಲ್ ಬದಲು ಬಿಸಿನೀರಿನ ರಬ್ಬರ್ ಚೀಲ ಇಡಬಹುದಾ?

ಭಾಗಮಂಡಲ ಪಿಎಚ್‌ಸಿ ಕಡೆಯಿಂದ

ಸಕ್ಕರೆ ಕಾಯಿಲೆಯವರಿಗೆ, ಪ್ರಜ್ಞೆ ಇಲ್ಲದವರಿಗೆ, ಮಗುವಿಗೆ ಬೇಡ. ಬಿಸಿ ಹೆಚ್ಚಾದದ್ದು ಅವರಿಗೆ ಹೇಳಲು ಆಗಲ್ಲ, ಬೊಬ್ಬೆ ಬರುತ್ತೆ. ಟವೆಲ್ ನಿಮ್ಮ ಮೊಣಕೈ ಒಳಭಾಗಕ್ಕೆ ಇಟ್ಟು ನೋಡಿ, ಹಿತವಾಗಿದ್ದರೆ ಸರಿ.

ಗೋಣಿಕೊಪ್ಪ ಕ್ಯಾಶುವಾಲ್ಟಿ

ಕೊಡಗಿನಲ್ಲಿ ಐವಿ ಬಗ್ಗೆ ಮಾತಾಡುವಾಗ ಹಾವು ಕಡಿತದ ಎಎಸ್‌ವಿ (ಹಾವಿನ ವಿಷಕ್ಕೆ ಕೊಡುವ ಪ್ರತಿವಿಷ) ಬಿಟ್ಟರೆ ಆಗಲ್ಲ. 2024ರ ಫೆಬ್ರುವರಿಯಿಂದ ಕರ್ನಾಟಕದಲ್ಲಿ ಹಾವು ಕಡಿತ ಕಡ್ಡಾಯವಾಗಿ ವರದಿ ಮಾಡಬೇಕಾದ ವಿಷಯ. ರಿಜಿಸ್ಟರ್ ತುಂಬೋದೂ ನಮ್ಮ ಕೆಲಸದ ಭಾಗ.

ಪುಡಿ ರೂಪದ ವಯಲ್ (ಗಾಜಿನ ಸಣ್ಣ ಬಾಟ್ಲಿ), ಒಂದೊಂದಕ್ಕೆ 10 ಮಿ.ಲೀ. ಸ್ಟೆರೈಲ್ ವಾಟರ್. ನೀರು ಗೋಡೆಗೆ ಹರಿಯುವಂತೆ ಬಿಡಿ, ಅಂಗೈಯಲ್ಲಿ ಇಟ್ಟು ವೃತ್ತಾಕಾರವಾಗಿ ತಿರುಗಿಸಿ. ಕುಲುಕಬೇಡಿ. ನೊರೆ ಎದ್ದರೆ ಪ್ರೋಟೀನ್ ಕೆಡುತ್ತೆ, ಪೂರ್ತಿ ಎಳೆಯಲೂ ಆಗಲ್ಲ. 10 ವಯಲ್ ಕರಗಿಸಲು ಒಬ್ಬರಿಗೆ ತುಂಬ ಹೊತ್ತು ಹಿಡಿಯುತ್ತೆ. ಇಬ್ಬರು ಕೂತು ಮಾಡಿ, ಮೂರನೆಯವರು ಕ್ಯಾನುಲಾ ಹಾಕಲಿ, 18 ಹಸಿರು ಸಿಕ್ಕರೆ ಒಳ್ಳೇದು.

500 ಮಿ.ಲೀ. ಎನ್‌ಎಸ್‌ನಿಂದ 100 ಮಿ.ಲೀ. ತೆಗೆದು, ಕರಗಿಸಿದ 100 ಮಿ.ಲೀ. ಎಎಸ್‌ವಿ ಸೇರಿಸಿದರೆ ಒಟ್ಟು 500. ಇದು ಒಂದು ಗಂಟೆಯಲ್ಲಿ ಹೋಗಬೇಕು. ಮಿ.ಲೀ.ಗೆ 20 ಹನಿಯ ಸೆಟ್‌ನಲ್ಲಿ ಅದು ನಿಮಿಷಕ್ಕೆ 167 ಹನಿ, ಯಾರಿಗೂ ಎಣಿಸಲು ಆಗಲ್ಲ. ಬಾಟ್ಲಿಗೆ ಪ್ಲಾಸ್ಟರ್ ಪಟ್ಟಿ ಅಂಟಿಸಿ, ಗೆರೆ ಎಳೆದು ಸಮಯ ಬರೆಯಿರಿ. ಮೊದಲ 10 ನಿಮಿಷ ನಿಧಾನ ಬಿಟ್ಟು ಪಕ್ಕದಲ್ಲೇ ನಿಲ್ಲಿ. ತುರಿಕೆ, ದದ್ದು, ವಾಂತಿ, ಚಳಿ ನಡುಕ, ಉಬ್ಬಸ, ಬಿಪಿ ಇಳಿಕೆ, ಇವುಗಳಲ್ಲಿ ಒಂದು ಕಂಡರೂ ಎಎಸ್‌ವಿ ನಿಲ್ಲಿಸಿ. ಮೇಲೆ ಐಸಿಯು ಅಕ್ಕ ಹೇಳಿದ ಹಾಗೆ ಅಡ್ರಿನಲಿನ್ ತೊಡೆಗೆ. ಸುಧಾರಿಸಿದ ಮೇಲೆ ಡಾಕ್ಟರು ಹೇಳಿದಂತೆ ನಿಧಾನವಾಗಿ ಮತ್ತೆ ಶುರು. ರಿಯಾಕ್ಷನ್ ಬಂತು ಅಂತ ಎಎಸ್‌ವಿ ಪೂರ್ತಿ ಕೈಬಿಟ್ಟರೆ ವಿಷ ಉಳಿಯುತ್ತೆ.

ಎಎಸ್‌ವಿಗೆ ಚರ್ಮದ ಟೆಸ್ಟ್ ಡೋಸ್ ಬೇಡ. ಕಡಿದ ಜಾಗದ ಸುತ್ತ ಚುಚ್ಚೋದೂ ಬೇಡ. ಮಗುವಿಗೂ ದೊಡ್ಡವರಷ್ಟೇ ವಯಲ್, ಹಾವು ಮಗು ಅಂತ ನೋಡಿ ವಿಷ ಕಡಿಮೆ ಬಿಡಲ್ಲ. ದ್ರವ ಮಾತ್ರ ಮಗುವಿನ ತೂಕಕ್ಕೆ ತಕ್ಕಂತೆ ಕಡಿಮೆ. ಬಸುರಿಗೂ ಕೊಡಬೇಕು.

20 ನಿಮಿಷದ ಹೆಪ್ಪು ಪರೀಕ್ಷೆ: ಹೊಸ, ಒಣ ಗಾಜಿನ ಟ್ಯೂಬ್, 2 ಮಿ.ಲೀ. ರಕ್ತ, 20 ನಿಮಿಷ ಮುಟ್ಟದೆ ಇಟ್ಟು ಒಂದೇ ಸಲ ಓರೆ ಮಾಡಿ. ಹೆಪ್ಪುಗಟ್ಟದಿದ್ದರೆ ವಿಷದ ಲಕ್ಷಣ. ಸೋಪಿನಲ್ಲಿ ತೊಳೆದ ಟ್ಯೂಬಲ್ಲಿ ಸರಿಯಿರುವ ರಕ್ತವೂ ಹೆಪ್ಪುಗಟ್ಟಲ್ಲ, ಸುಮ್ಮನೆ ಎಎಸ್‌ವಿ ಹೋಗುತ್ತೆ. ಪ್ಲಾಸ್ಟಿಕ್ ಟ್ಯೂಬ್ ಕೂಡ ಬೇಡ. ಎಎಸ್‌ವಿ ಮುಗಿದು 6 ಗಂಟೆಗೆ ಮತ್ತೆ ಪರೀಕ್ಷೆ.

ನಮ್ಮಲ್ಲಿ ಸಿಗುವ ಎಎಸ್‌ವಿ ನಾಲ್ಕು ಹಾವಿಗೆ: ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ. ನಮ್ಮ ತೋಟಗಳಲ್ಲಿ ಇರುವ ಮಲಬಾರ್ ಗುಳಿಮಂಡಲ, ಉಬ್ಬುಮೂಗಿನ ಗುಳಿಮಂಡಲಕ್ಕೆ ಇದು ಕೆಲಸ ಮಾಡಲ್ಲ. ರಿಯಾಕ್ಷನ್ನಿನ ಅಪಾಯ ಮಾತ್ರ ಉಳಿಯುತ್ತೆ. ಜೊತೆಯವರು ಮೊಬೈಲಲ್ಲಿ ಹಾವಿನ ಫೋಟೊ ತೆಗೆದಿದ್ದರೆ ಡಾಕ್ಟರಿಗೆ ತೋರಿಸಿ. ಹಾವು ಹುಡುಕಲು ಯಾರನ್ನೂ ಕಳಿಸಬೇಡಿ.

ಸಂಪಾಜೆ ಘಾಟ್ ಆ್ಯಂಬುಲೆನ್ಸ್

ರೋಗಿಯನ್ನು ಮೈಸೂರಿಗೋ ಮಂಗಳೂರಿಗೋ ಕಳಿಸುವಾಗ ಲೈನ್ ಕಟ್ಟಿಕೊಡುವವರಿಗೆ ಕೆಲವು ಮಾತು ಉಂಟು.

ವಾರ್ಡಲ್ಲಿ ಬಾಟ್ಲಿ ರೋಗಿಗಿಂತ ಸುಮಾರು ಒಂದು ಮೀಟರ್ ಎತ್ತರದಲ್ಲಿ ಇರ್ತದೆ. ಗಾಡಿಯೊಳಗೆ ಸೂರು ತಗ್ಗು, ರೋಲರ್ (ಹನಿಯ ವೇಗ ಹೊಂದಿಸುವ ಚಕ್ರ) ಹಾಗೇ ಇದ್ದರೂ ಹನಿ ಕಡಿಮೆ ಆಗ್ತದೆ. ಹತ್ತಿಸಿದ ಮೇಲೆ ಮತ್ತೆ ಎಣಿಸಿ. ತಿರುವಿನಲ್ಲಿ ಹನಿ ಬೀಳುವ ಚೇಂಬರ್ ಓಲಾಡಿ ಗಾಳಿ ಲೈನಿಗೆ ಇಳಿಯದ ಹಾಗೆ ಚೇಂಬರ್ ಅರ್ಧಕ್ಕಿಂತ ಸ್ವಲ್ಪ ಹೆಚ್ಚೇ ತುಂಬಿರಲಿ.

ಸಿರಿಂಜ್ ಪಂಪ್ ರೋಗಿಯ ಎದೆ ಮಟ್ಟದಲ್ಲೇ ಇರಬೇಕು. ಪಂಪನ್ನು ಮೇಲಿನ ಕೊಕ್ಕೆಗೆ ಸಿಕ್ಕಿಸಿದರೆ ಔಷಧ ತಾನಾಗಿ ಒಳಗೆ ಹರಿಯಬಹುದು. ನಾರ್‌ಅಡ್ರಿನಲಿನ್‌ಗೆ (ಬಿಪಿ ಏರಿಸುವ ಔಷಧ) ಅಂಥ ಒಂದು ಹನಿಯೂ ದೊಡ್ಡದು. ಸಿರಿಂಜ್ ಬಿಚ್ಚುವ ಮೊದಲು ತ್ರೀ-ವೇ ಮುಚ್ಚಿ.

ಲೆಕ್ಕ ಹೀಗೆ: 4 ಮಿ.ಗ್ರಾಂ ನಾರ್‌ಅಡ್ರಿನಲಿನ್ ಒಟ್ಟು 50 ಮಿ.ಲೀ. ಮಾಡಿದರೆ ಮಿ.ಲೀ.ಗೆ 80 ಮೈಕ್ರೊಗ್ರಾಂ. 60 ಕೆ.ಜಿ. ರೋಗಿಗೆ 0.1 ಮೈಕ್ರೊಗ್ರಾಂ/ಕೆ.ಜಿ./ನಿಮಿಷ ಅಂದರೆ ನಿಮಿಷಕ್ಕೆ 6, ಗಂಟೆಗೆ 360 ಮೈಕ್ರೊಗ್ರಾಂ. 360 ಭಾಗಿಸು 80, ಗಂಟೆಗೆ 4.5 ಮಿ.ಲೀ. ಇದೇ ವೇಗದಲ್ಲಿ ಮಡಿಕೇರಿಯಿಂದ ಮೈಸೂರಿಗೆ ಒಂದು ಸಿರಿಂಜ್ ಧಾರಾಳ. ಡೋಸ್ ಏರಬಹುದು, ಮಳೆಗೆ ರಸ್ತೆ ನಿಲ್ಲಬಹುದು, ಆದ್ದರಿಂದ ಇನ್ನೊಂದಕ್ಕೆ ಬೇಕಾದ ಆಂಪ್ಯೂಲ್ ಕೊಟ್ಟು ಕಳಿಸಿ. ಲೇಬಲ್‌ನಲ್ಲಿ "ನಾರ್‌ಅಡ್" ಅಂತ ಮಾತ್ರ ಬರೆದರೆ ಸಾಲದು, 50 ಮಿ.ಲೀ.ನಲ್ಲಿ ಎಷ್ಟು ಅಂತ ಬೇಕು. ಸೆಂಟ್ರಲ್ ಲೈನ್ (ಹೃದಯದ ಹತ್ತಿರದ ದೊಡ್ಡ ನರದ ಲೈನ್) ಇಲ್ಲದಿದ್ದರೆ ಮುಂಗೈ ಹಿಂಭಾಗಕ್ಕೆ ಬೇಡ, ಮೊಣಕೈ ಕೆಳಗಿನ ದಪ್ಪ ನರಕ್ಕೆ ಹಾಕಿ, ಹೊದಿಕೆಯಿಂದ ಹೊರಗೆ ಕಾಣುವ ಹಾಗೆ ಇಡಿ. ಕತ್ತಲಲ್ಲಿ ಟಾರ್ಚ್ ಹಾಕಿ ನೋಡ್ತಾ ಇರಬೇಕು. ಮತ್ತೆ ಪಂಪಿನ ಬ್ಯಾಟರಿ! ಕರೆಂಟ್ ಹೋಗಿ ಬಂದು ಆಗುವ ದಿನ ಅದು ಚಾರ್ಜ್ ಆಗಿರುವುದೇ ಇಲ್ಲ. ಹತ್ತಿಸುವ ಮೊದಲು ಪ್ಲಗ್ ತೆಗೆದು ಐದು ನಿಮಿಷ ಓಡಿಸಿ ನೋಡಿ.

ಕುಶಾಲನಗರ ಲೇಬರ್ ರೂಮ್

ಬಸುರಿ, ಬಾಣಂತಿಯರದ್ದು ಮೂರು.

ಮ್ಯಾಗ್ನೀಸಿಯಂ ಸಲ್ಫೇಟ್ (ಬಸುರಿಯ ಫಿಟ್ಸ್ ತಡೆಯಲು): ನಮಗೆ ಬರುವ ಆಂಪ್ಯೂಲ್ 50%, 2 ಮಿ.ಲೀ.ಗೆ 1 ಗ್ರಾಂ. ಐವಿ ಲೋಡಿಂಗ್ 4 ಗ್ರಾಂ ಅಂದರೆ 4 ಆಂಪ್ಯೂಲ್, 8 ಮಿ.ಲೀ. ಅದಕ್ಕೆ 12 ಮಿ.ಲೀ. ಎನ್‌ಎಸ್ ಸೇರಿಸಿ 20 ಮಿ.ಲೀ. ಮಾಡಿದರೆ 20% ಆಗುತ್ತೆ. ಕನಿಷ್ಠ 5 ನಿಮಿಷ, ಸಾಧ್ಯವಾದರೆ ಇನ್ನೂ ನಿಧಾನ. 50% ಹಾಗೇ ನರಕ್ಕೆ ಕೊಡಬೇಡಿ. ಮೈ ಬಿಸಿ ಆಗುತ್ತೆ ಅಂತ ತಾಯಿಗೆ ಮೊದಲೇ ಹೇಳಿ. ಮುಂದಿನ ಡೋಸಿಗೆ ಮೊದಲು ಮೂರು ನೋಡಿ: ಮೊಣಕಾಲಿನ ಜರ್ಕ್ ಇರಬೇಕು, ಉಸಿರು ನಿಮಿಷಕ್ಕೆ ಕನಿಷ್ಠ 16 ಇರಬೇಕು, ಮೂತ್ರ ಗಂಟೆಗೆ ಕನಿಷ್ಠ 30 ಮಿ.ಲೀ. ಬರ್ತಿರಬೇಕು. ಒಂದು ಇಲ್ಲದಿದ್ದರೂ ಡೋಸ್ ತಡೆಯಿರಿ. ಇದರ ಪ್ರತಿಮದ್ದು ಕ್ಯಾಲ್ಸಿಯಂ ಗ್ಲೂಕೊನೇಟ್ 10% 10 ಮಿ.ಲೀ. ಪಕ್ಕದಲ್ಲೇ ಇರಲಿ.

ಐರನ್ ಸುಕ್ರೋಸ್: 200 ಮಿ.ಗ್ರಾಂ 100 ಮಿ.ಲೀ. ಎನ್‌ಎಸ್‌ನಲ್ಲಿ ಮಾತ್ರ, 15 ನಿಮಿಷಕ್ಕಿಂತ ಬೇಗ ಬೇಡ. ಶುರು ಮಾಡುವ ಮೊದಲು ಬರೀ ಎನ್‌ಎಸ್ ಬಿಟ್ಟು ಲೈನ್ ಸರಿಯಿದೆ ಅಂತ ಖಾತ್ರಿ ಮಾಡಿ. ಹೊರಗೆ ಸೋರಿದರೆ ಚರ್ಮಕ್ಕೆ ಕಂದು ಕಲೆ ವರ್ಷಗಟ್ಟಲೆ ಉಳಿಯುತ್ತೆ. ಮುಗಿದ ಮೇಲೆ ಅರ್ಧ ಗಂಟೆ ಕೂರಿಸಿ. "ಬಸ್ಸಿಗೆ ಹೊತ್ತಾಯ್ತು ಸಿಸ್ಟರ್" ಅಂತಾರೆ, ಬೆಳಿಗ್ಗೆಯೇ ಶುರು ಮಾಡಿದರೆ ಆ ಅವಸರ ಇರಲ್ಲ.

ಹೆರಿಗೆ ಆದ ಮೇಲೆ ಆಕ್ಸಿಟೋಸಿನ್ 10 ಯೂನಿಟ್ ಮಾಂಸಖಂಡಕ್ಕೆ. ಅದೇ 10 ಯೂನಿಟ್ಟನ್ನು ನರಕ್ಕೆ ಒಮ್ಮೆಲೇ ತಳ್ಳಿದರೆ ಬಿಪಿ ಬೀಳುತ್ತೆ, ಮೊದಲೇ ರಕ್ತ ಹೋದ ತಾಯಿ ತಡೆಯಲ್ಲ. ಡ್ರಿಪ್‌ನಲ್ಲಿ ಕೊಡಿ. ಇದನ್ನು 2ರಿಂದ 8 ಡಿಗ್ರಿಯಲ್ಲಿ ಇಡಬೇಕು. ಕರೆಂಟ್ ದಿನಗಟ್ಟಲೆ ಹೋದಾಗ ಫ್ರಿಜ್ಜಿನ ಥರ್ಮಾಮೀಟರ್ ನೋಡಿ ಬರೆದಿಡಿ.

ಮಕ್ಕಳ ವಾರ್ಡ್

ಪ್ಯಾರಾಸಿಟಮಾಲ್ ಬಾಟ್ಲಿ 100 ಮಿ.ಲೀ.ಗೆ 1 ಗ್ರಾಂ, ಮಿ.ಲೀ.ಗೆ 10 ಮಿ.ಗ್ರಾಂ. ಚೀಟಿಯಲ್ಲಿ 75 ಮಿ.ಗ್ರಾಂ ಅಂತ ಇದ್ದದ್ದನ್ನು 75 ಮಿ.ಲೀ. ಅಂತ ಓದಿದರೆ ಹತ್ತು ಪಟ್ಟು ಹೋಗುತ್ತೆ, ಮಗುವಿನ ಲಿವರ್ ಹಾಳಾಗುತ್ತೆ. 12 ಕೆ.ಜಿ. ಮಗುವಿಗೆ ಕೆ.ಜಿ.ಗೆ 15ರಂತೆ 180 ಮಿ.ಗ್ರಾಂ, 18 ಮಿ.ಲೀ. ಸಿರಿಂಜಿಗೆ ಅಷ್ಟೇ ಎಳೆದು 15 ನಿಮಿಷದಲ್ಲಿ ಕೊಡಿ. ಬಾಟ್ಲಿಯನ್ನೇ ಮಗುವಿಗೆ ನೇತುಹಾಕಬಾರದು.

ಪುಡಿಯೂ ಜಾಗ ಹಿಡಿಯುತ್ತೆ. 1 ಗ್ರಾಂ ಸೆಫ್ಟ್ರಿಯಾಕ್ಸೋನ್‌ಗೆ 9.6 ಮಿ.ಲೀ. ನೀರು ಹಾಕಿದರೆ ಮಿ.ಲೀ.ಗೆ 100 ಮಿ.ಗ್ರಾಂ. ವಯಲ್ ಪೂರ್ತಿ ಕೊಡುವ ದೊಡ್ಡವರಿಗೆ ವ್ಯತ್ಯಾಸ ಇಲ್ಲ. ಭಾಗ ಮಾತ್ರ ಎಳೆಯುವ ಮಗುವಿಗೆ ಇದೆ. 12 ಕೆ.ಜಿ.ಗೆ 50ರಂತೆ 600 ಮಿ.ಗ್ರಾಂ, 6 ಮಿ.ಲೀ.

ಪೊನ್ನಂಪೇಟೆ 22

ಕ್ಯಾನುಲಾ 72 ಗಂಟೆಗೆ ತೆಗೆಯಲೇಬೇಕಾ? ನರ ಸಿಗದ ಅಜ್ಜಿಯರಿಗೆ ಚೆನ್ನಾಗಿರುವುದನ್ನು ಕಿತ್ತು ಮತ್ತೆ ಚುಚ್ಚೋದು ಕಷ್ಟ.

ನರ್ಸಿಂಗ್ ಟ್ಯೂಟರ್

ಗಂಟೆ ನೋಡಿ ತೆಗೆಯುವ ಪದ್ಧತಿಗಿಂತ ಜಾಗ ನೋಡಿ ತೆಗೆಯುವುದನ್ನು ಈಗಿನ ಮಾರ್ಗಸೂಚಿಗಳು ಒಪ್ಪುತ್ತವೆ. ಆದರೆ ಅದಕ್ಕೆ ಒಂದು ಷರತ್ತು ಇದೆ: ಪ್ರತಿ ಪಾಳಿಯಲ್ಲೂ ಕಣ್ಣಿಟ್ಟು ನೋಡಿ ಬರೆಯಬೇಕು. ಬರೆಯುವ ವ್ಯವಸ್ಥೆ ಇಲ್ಲದ ವಾರ್ಡಿನಲ್ಲಿ 72–96 ಗಂಟೆಯ ನಿಯಮವೇ ಕ್ಷೇಮ. ತುರ್ತಿನಲ್ಲಿ, ಗಾಡಿಯಲ್ಲಿ ಶುಚಿ ನೋಡದೆ ಹಾಕಿದ ಕ್ಯಾನುಲಾವನ್ನು ಮಾತ್ರ 24–48 ಗಂಟೆಯೊಳಗೆ ಬದಲಿಸಿ.

ನೋವು, ಕೆಂಪು, ಊತದಲ್ಲಿ ಎರಡು ಒಟ್ಟಿಗೆ ಕಂಡರೆ ತೆಗೆಯಿರಿ. ನರ ಹಗ್ಗದಂತೆ ಗಟ್ಟಿಯಾಗುವ ತನಕ ಕಾಯಬೇಡಿ.

ಸೋರಿದ್ದು ಕಂಡರೆ, ಅದರಲ್ಲೂ ನಾರ್‌ಅಡ್ರಿನಲಿನ್, ಕ್ಯಾಲ್ಸಿಯಂ, ಫೆನಿಟಾಯಿನ್, 25% ಡೆಕ್ಸ್ಟ್ರೋಸ್, ಪ್ರೊಮೆಥಜಿನ್ ಇದ್ದರೆ: ತಕ್ಷಣ ನಿಲ್ಲಿಸಿ. ಕ್ಯಾನುಲಾ ಕಿತ್ತುಬಿಡಬೇಡಿ, ಫ್ಲಶ್ ಮಾಡಬೇಡಿ. ಅದೇ ಕ್ಯಾನುಲಾದಿಂದ ಎಷ್ಟು ಹಿಂದಕ್ಕೆ ಬರುತ್ತೋ ಅಷ್ಟು ಎಳೆದು, ಆಮೇಲೆ ತೆಗೆಯಿರಿ. ಪೆನ್ನಿನಿಂದ ಊತದ ಗಡಿ ಗುರುತು ಮಾಡಿ, ಕೈ ಎತ್ತರದಲ್ಲಿ ಇಡಿ, ಡಾಕ್ಟರನ್ನು ಕರೆಯಿರಿ. ನಾರ್‌ಅಡ್ರಿನಲಿನ್‌ಗೆ ಐಸ್ ಇಡಬೇಡಿ, ಮೊದಲೇ ಕುಗ್ಗಿದ ರಕ್ತನಾಳ ಇನ್ನೂ ಕುಗ್ಗುತ್ತದೆ.

ಡ್ರಿಪ್ ನಿಂತಿತು ಅಂತ ಬಾಟ್ಲಿಯ ಮೇಲೆ ಸೂಜಿ ಚುಚ್ಚಿ ಗಾಳಿ ಬಿಡುವುದು ಇನ್ನೂ ನಡೆಯುತ್ತಿದೆ. ವಾರ್ಡಿನ ಗಾಳಿ, ದೂಳು ನೇರ ದ್ರವಕ್ಕೆ ಹೋಗುತ್ತದೆ. ಫಿಲ್ಟರ್ ಇರುವ ಗಾಳಿಕಿಂಡಿಯ ಸೆಟ್ ಕೇಳಿ ತರಿಸಿ. ಹಾಗೆಯೇ ವಯಲ್ ರಬ್ಬರಿಗೆ ಸೂಜಿ ಚುಚ್ಚಿಯೇ ಬಿಟ್ಟು ದಿನವಿಡೀ ಎಳೆಯುವುದನ್ನು ಬಿಡಬೇಕು. ರಬ್ಬರ್ ಮುಚ್ಚಳವನ್ನು ಪ್ರತಿ ಸಲ 15 ಸೆಕೆಂಡ್ ಉಜ್ಜಿ ಒಣಗಿಸಿ.

ಮಡಿಕೇರಿ ಐಸಿಯು

ಪೊಟ್ಯಾಸಿಯಂ ಕ್ಲೋರೈಡ್ ಯಾರೂ ಬರೆದಿಲ್ಲ. 10 ಮಿ.ಲೀ. ಆಂಪ್ಯೂಲ್ 15%, ಅಂದರೆ 1.5 ಗ್ರಾಂ, 20 ಎಂಇಕ್ಯು (ಮಿಲಿಈಕ್ವಿವೆಲೆಂಟ್, ಪೊಟ್ಯಾಸಿಯಂ ಅಳೆಯುವ ಮಾನ). ಇದನ್ನು ಪುಶ್ ಮಾಡಿದರೆ ಹೃದಯ ನಿಲ್ಲುತ್ತೆ. ಬೇರೆ ಆಂಪ್ಯೂಲ್‌ಗಳ ಟ್ರೇಯಲ್ಲಿ ಇದು ಇರಲೇಬಾರದು. ನೋಡಲು ಸ್ಟೆರೈಲ್ ವಾಟರಿನ ಹಾಗೇ ಇರುತ್ತೆ, ಪುಡಿ ಕರಗಿಸುವ ಅವಸರದಲ್ಲಿ ಕೈ ತಪ್ಪುತ್ತೆ.

ಕೈ ನರಕ್ಕೆ ಲೀಟರಿಗೆ 40 ಎಂಇಕ್ಯು, ಗಂಟೆಗೆ 10 ಎಂಇಕ್ಯು ಮೀರಬಾರದು. 500 ಮಿ.ಲೀ.ಗೆ ಒಂದು ಆಂಪ್ಯೂಲ್ ಹಾಕಿದರೆ ಎರಡು ಗಂಟೆಗಿಂತ ಬೇಗ ಮುಗಿಯಬಾರದು, ಅಂದರೆ ಅದೇ 20 ಹನಿಯ ಸೆಟ್ಟಿನಲ್ಲಿ ನಿಮಿಷಕ್ಕೆ ಹೆಚ್ಚೆಂದರೆ 83 ಹನಿ. ನೇತುಹಾಕಿದ ಬಾಟ್ಲಿಗೆ ಚುಚ್ಚಿ ಹಾಕಬೇಡಿ. ದ್ರಾವಣ ಭಾರ, ತಳಕ್ಕೆ ಇಳಿದು ಮೊದಲ ಹನಿಗಳಲ್ಲೇ ಗಾಢವಾಗಿ ಹೋಗುತ್ತೆ. ಬಾಟ್ಲಿ ಕೆಳಗಿಳಿಸಿ, ಹಾಕಿ, ಹತ್ತು ಸಲ ತಲೆಕೆಳಗು ಮಾಡಿ, ಲೇಬಲ್ ಅಂಟಿಸಿ ನೇತುಹಾಕಿ. ಮೂತ್ರ ಹೋಗ್ತಿದೆಯಾ ಅಂತ ಕೇಳಿಯೇ ಶುರು ಮಾಡಿ.

ವಿರಾಜಪೇಟೆ ಫಾರ್ಮಸಿ

ಹೆಸರಿನ ಬಗ್ಗೆ ಒಂದು ಮಾತು. ಇಲ್ಲಿ ಒಂದೇ ಒಕ್ಕದ (ಕೊಡವ ಕುಲದ) ಇಬ್ಬರು ಒಂದೇ ವಾರ್ಡಲ್ಲಿ ಇರುವುದು ಅಪರೂಪ ಅಲ್ಲ, ಮನೆಹೆಸರೂ ಒಂದೇ, ಕೆಲವೊಮ್ಮೆ ಕರೆಯುವ ಹೆಸರೂ ಒಂದೇ. ಹೆಸರು ಕೂಗಿ "ಹೌದು" ಅಂದ ಕೂಡಲೇ ಕೊಡಬೇಡಿ. "ನಿಮ್ಮ ಪೂರ್ತಿ ಹೆಸರು ಹೇಳಿ" ಅಂತ ಅವರಿಂದಲೇ ಹೇಳಿಸಿ, ಕೈಪಟ್ಟಿಯ ಐಪಿ (ಒಳರೋಗಿ) ನಂಬರ್ ಕೇಸ್ ಶೀಟಿಗೆ ತಾಳೆ ನೋಡಿ. ಬೆಡ್ ನಂಬರ್ ಗುರುತಲ್ಲ, ಸೋರುವ ಮಳೆಗೆ ಮಂಚವೇ ಜಾಗ ಬದಲಿಸಿರುತ್ತೆ.

ಸೋಮವಾರಪೇಟೆ ನೈಟ್ ಡ್ಯೂಟಿ

ಎಲ್ಲರಿಗೂ ತುಂಬ ಧನ್ಯವಾದ. ಕೊನೆಯದಾಗಿ, ಒಂದೇ ಲೈನ್ ಇದ್ದು ಆರ್‌ಎಲ್ ಓಡ್ತಿದೆ, ರಾತ್ರಿ 10ಕ್ಕೆ ಪ್ಯಾಂಟೊಪ್ರಜೋಲ್, ಸೆಫ್ಟ್ರಿಯಾಕ್ಸೋನ್, ಆಂಡಾನ್‌ಸೆಟ್ರಾನ್ ಮೂರೂ ಇವೆ. ಕ್ರಮ ಹೇಗೆ?

ಮಡಿಕೇರಿ ಐಸಿಯು

ಆರ್‌ಎಲ್ ರೋಲರ್ ಮುಚ್ಚಿ, ಸಿರಿಂಜಿನಿಂದ ರೋಗಿಯ ಕಡೆಗೆ ದಾರಿ ತೆರೆಯುವ ಹಾಗೆ ತ್ರೀ-ವೇ ತಿರುಗಿಸಿ. 5 ಮಿ.ಲೀ. ಎನ್‌ಎಸ್ ಹಾಕಿ, ಊತ, ನೋವು ಇಲ್ಲ ಅಂತ ನೋಡಿ. ವಾಂತಿ ಇದ್ದರೆ ಆಂಡಾನ್‌ಸೆಟ್ರಾನ್ ಮೊದಲು, 5 ಮಿ.ಲೀ. ಎನ್‌ಎಸ್. ಪ್ಯಾಂಟೊಪ್ರಜೋಲ್, 5 ಮಿ.ಲೀ. ಎನ್‌ಎಸ್. ಕೊನೆಗೆ ಸೆಫ್ಟ್ರಿಯಾಕ್ಸೋನ್, ಅದಾದ ಮೇಲೆ 10 ಮಿ.ಲೀ. ಎನ್‌ಎಸ್, ಮೊದಲ 2 ಮಿ.ಲೀ. ನಿಧಾನ. ಆಮೇಲೆ ಆರ್‌ಎಲ್ ತೆರೆದು ಹನಿ ಎಣಿಸಿ. ಪ್ರತಿ ಸಿರಿಂಜಿಗೂ ಹೆಸರಿನ ಲೇಬಲ್ ಇರಲಿ, ಮೂರೂ ನೋಡಲು ಹೆಚ್ಚುಕಡಿಮೆ ಒಂದೇ ಥರ ಕಾಣಬಹುದು. ಒಟ್ಟು 10ರಿಂದ 12 ನಿಮಿಷದ ಕೆಲಸ. ಹತ್ತು ರೋಗಿ ಇದ್ದರೆ 9:30ಕ್ಕೇ ಟ್ರೇ ಹೊರಡಬೇಕು. ಸೂಜಿಗೆ ಮತ್ತೆ ಮುಚ್ಚಳ ಹಾಕದೆ ಬಿಳಿ ಡಬ್ಬಿಗೆ, ಸೂಜಿ ತೆಗೆದ ಸಿರಿಂಜ್ ಕೆಂಪು ಚೀಲಕ್ಕೆ, ಗಾಜಿನ ವಯಲ್ ನೀಲಿಗೆ. ಕೊಟ್ಟ ಮೇಲೆ ಸಹಿ, ಕೊಡುವ ಮೊದಲು ಅಲ್ಲ.